ಎರೆ ನೆಲದ ದಾರಿ, ಹಳೆಯ ಕಾರು: ಕಾಯಿಲ್‌ಓವರ್ ಕೂಡಿಸುವ ಬಗೆ

ಯಾದಗಿರಿ ಜಿಲ್ಲೆಯ ವನದುರ್ಗದ ಸುತ್ತಲಿನ ದಾರಿಗಳು ಗಾಡಿಯ ಕೆಳಭಾಗವನ್ನು ಬೇಗ ಸವೆಸುತ್ತವೆ. ಕಾರಣ ನೆಲದಲ್ಲೇ ಇದೆ. ಎರೆ ಮಣ್ಣು ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟು ಕುಗ್ಗುತ್ತದೆ. ಮೇಲೆ ಹಾಸಿದ ಡಾಂಬರು ಆ ಉಬ್ಬುತಗ್ಗನ್ನೇ ಹೊದ್ದುಕೊಂಡು ಅಲೆ ಅಲೆಯಾಗುತ್ತದೆ. ಅಂಚು ಕುಸಿದು ತಗ್ಗು ಬೀಳುತ್ತದೆ. ಹತ್ತಿ, ಭತ್ತ ಹೇರಿಕೊಂಡ ಟ್ರ್ಯಾಕ್ಟರ್ ಟ್ರೇಲರ್‌ಗಳು ಅದನ್ನು ಇನ್ನಷ್ಟು ಒತ್ತಿ ಹಾಕುತ್ತವೆ. ಕೃಷ್ಣಾ ಮೇಲ್ದಂಡೆ ಕಾಲುವೆಗಳ ಏರಿಯ ಮೇಲೆ ಹೋಗುವ ದಾರಿಯಂತೂ ಒಂದು ಮಳೆಗೆ ರಾಡಿ, ಒಂದು ವಾರದ ಬಿಸಿಲಿಗೆ ಕಲ್ಲಿನಂಥ ಗಾಲಿಗೆರೆ. ಶಹಾಪುರ, ಸುರಪುರದ ಕಡೆ ಹದಿನೈದು ವರ್ಷ ಓಡಿದ ಇಂಡಿಕಾ ಅಥವಾ ಸ್ವಿಫ್ಟ್ ಕಾರಿನ ಶಾಕ್ ಅಬ್ಸಾರ್ಬರ್ ಎಣ್ಣೆ ಕಾರಿಕೊಂಡು ನಿಂತಿದ್ದರೆ ಆಶ್ಚರ್ಯವೇನಿಲ್ಲ.

ಅವುಗಳನ್ನು ಬದಲಿಸುವ ಹೊತ್ತಿಗೆ ಈಗಿನ ಹುಡುಗರು ಕೇಳುವ ವಸ್ತು ಕಾಯಿಲ್‌ಓವರ್. ಎತ್ತರವನ್ನೂ ಬಿಗಿಯನ್ನೂ ನಾವೇ ಹೊಂದಿಸಿಕೊಳ್ಳಬಹುದಾದ ಸಸ್ಪೆನ್ಷನ್. ಕೊಳ್ಳುವವರಲ್ಲಿ ಬಹುಪಾಲು ಜನ ಮೊದಲು ಮಾಡುವ ಕೆಲಸ ಗಾಡಿಯನ್ನು ನೆಲಕ್ಕೆ ಇಳಿಸುವುದು. ನಮ್ಮ ಕಡೆಯ ದಾರಿಗೆ ಅದು ತಪ್ಪು ಬಳಕೆ ಎಂಬುದು ನನ್ನ ಖಚಿತ ಅಭಿಪ್ರಾಯ. ಇದೇ ಸಾಧನವನ್ನು ಎತ್ತರ ಕಾಯ್ದುಕೊಳ್ಳಲು, ಹೊರೆಗೆ ತಕ್ಕಂತೆ ಹೊಂದಿಸಲು ಬಳಸಿದರೆ ಹಳೆಯ ಕಾರು ಹೊಸ ನಡಿಗೆ ಕಲಿಯುತ್ತದೆ. ಏಕೆ, ಹೇಗೆ ಎಂಬುದನ್ನು ನೋಡೋಣ.

ಕಾರಿನ ಭಾರ ಹೊರುವುದು ಸ್ಪ್ರಿಂಗ್. ಶಾಕ್ ಅಬ್ಸಾರ್ಬರ್ ಭಾರ ಹೊರುವುದಿಲ್ಲ; ಸ್ಪ್ರಿಂಗ್ ಕುಣಿಯುವುದನ್ನು ತಡೆಯುತ್ತದೆ. ಅದರೊಳಗೆ ಎಣ್ಣೆ, ಎಣ್ಣೆಯಲ್ಲಿ ಸಣ್ಣ ತೂತುಗಳಿರುವ ಒಂದು ಪಿಸ್ಟನ್. ಗಾಲಿ ಮೇಲೆ ಕೆಳಗೆ ಆಡಿದಾಗ ಎಣ್ಣೆ ಆ ತೂತುಗಳ ಮೂಲಕ ತೂರಬೇಕು. ಆ ತಿಕ್ಕಾಟದಲ್ಲಿ ಕುಣಿತದ ಶಕ್ತಿ ಬಿಸಿಯಾಗಿ ಹೊರಹೋಗುತ್ತದೆ. ಶಾಕ್ ಸತ್ತ ಗಾಡಿ ಹಂಪ್ ದಾಟಿದ ಮೇಲೆ ಎರಡು ಮೂರು ಸಲ ತೂಗಾಡುವುದು ಇದಕ್ಕೇ.

ಇವೆರಡನ್ನೂ ಒಂದೇ ಕಂಬದಲ್ಲಿ ಕೂಡಿಸಿ, ಶಾಕ್‌ನ ಸುತ್ತ ಸ್ಪ್ರಿಂಗ್ ಸುತ್ತಿದರೆ ಅದು ಮೂಲತಃ ಕಾಯಿಲ್‌ಓವರ್. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ ಸ್ಟ್ರಟ್ ಇದೇ ಆಕಾರದ್ದು. ಬ್ರಿಟನ್ನಿನ ಫೋರ್ಡ್ ಕಾನ್ಸಲ್, ಜೆಫಿರ್ ಕಾರುಗಳಲ್ಲಿ 1950ರ ಹೊತ್ತಿಗೆ ಬಂದ ಈ ಸ್ಟ್ರಟ್ ಮುಂದೆ ಜಗತ್ತಿನ ಸಣ್ಣ ಕಾರುಗಳಿಗೆಲ್ಲ ಹಬ್ಬಿತು. ನಮ್ಮ ಮಾರುತಿ 800, ಓಮ್ನಿ, ಇಂಡಿಕಾ, ಸ್ವಿಫ್ಟ್ ಎಲ್ಲದರ ಮುಂಗಾಲಿಗಳಲ್ಲೂ ಇರುವುದು ಅದೇ. ಅಂಗಡಿಯಲ್ಲಿ ಕಾಯಿಲ್‌ಓವರ್ ಎಂದು ಮಾರುವ ಕಿಟ್‌ನಲ್ಲಿ ಹೆಚ್ಚಿಗೆ ಇರುವುದು ಇಷ್ಟು: ಶಾಕ್‌ನ ಮೈಮೇಲೆ ತಿರುಪಿನ ಎಳೆ ಕೊರೆದಿರುತ್ತಾರೆ. ಸ್ಪ್ರಿಂಗ್ ಕೂರುವ ತಟ್ಟೆ ಆ ಎಳೆಯ ಮೇಲೆ ಮೇಲಕ್ಕೂ ಕೆಳಕ್ಕೂ ತಿರುಗುತ್ತದೆ, ಇನ್ನೊಂದು ಬಳೆ ಅದನ್ನು ಬಿಗಿಹಿಡಿಯುತ್ತದೆ. ದುಬಾರಿ ಕಿಟ್‌ಗಳಲ್ಲಿ ಎಣ್ಣೆಯ ತೂತನ್ನು ಕಿರಿದು ಮಾಡುವ ಒಂದು ಗುಂಡಿ ಮೇಲ್ತುದಿಯಲ್ಲಿರುತ್ತದೆ.

ಯಾವ ಹಳೆಯ ಕಾರಿಗೆ ಇದು ಒಗ್ಗುತ್ತದೆ ಎಂಬುದನ್ನು ದುಡ್ಡು ಕೊಡುವ ಮೊದಲೇ ತಿಳಿಯಬೇಕು. 1998ರಲ್ಲಿ ಬಂದ ಇಂಡಿಕಾದಲ್ಲಿ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಹಿಂದೆಯೂ ಶಾಕ್‌ನ ಮೇಲೆಯೇ ಕೂತ ಸ್ಪ್ರಿಂಗ್. ನಾಲ್ಕೂ ಮೂಲೆಗೆ ಒಂದೇ ಜಾತಿಯ ಜೋಡಣೆ ಸಾಧ್ಯ. 2005ರ ಸ್ವಿಫ್ಟ್‌ನಲ್ಲಿ ಮುಂದೆ ಸ್ಟ್ರಟ್; ಹಿಂದೆ ಮಾತ್ರ ಟಾರ್ಷನ್ ಬೀಮ್ ಇದ್ದು ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಅಂಥ ಕಾರಿನ ಕಿಟ್‌ನಲ್ಲಿ ಹಿಂಗಾಲಿಗೆ ಎತ್ತರ ಬದಲಿಸುವ ತಟ್ಟೆ ಸ್ಪ್ರಿಂಗ್‌ನ ತುದಿಗೆ ಪ್ರತ್ಯೇಕವಾಗಿ ಬರುತ್ತದೆ. ಅದನ್ನು ಕಂಡು ಮಾಲು ಖೋಟಾ ಎಂದು ಗಾಬರಿಯಾಗಬೇಕಿಲ್ಲ, ವಿನ್ಯಾಸವೇ ಹಾಗೆ. ಓಮ್ನಿಯ ಹಿಂಭಾಗ, ಜಿಪ್ಸಿಯ ನಾಲ್ಕೂ ಮೂಲೆ, ಅಂಬಾಸಿಡರ್ ಮತ್ತು ಪದ್ಮಿನಿಯ ಹಿಂಭಾಗ ಇವೆಲ್ಲ ಪಾಟಾ ಸ್ಪ್ರಿಂಗ್. ಅಲ್ಲಿ ಪಾಟಾ ಬರೀ ಭಾರ ಹೊರುವುದಿಲ್ಲ, ಆಕ್ಸಲ್ ಅನ್ನು ಹಿಂದೆ ಮುಂದೆ ಸರಿಯದಂತೆ ಹಿಡಿದಿಡುವುದೂ ಅದೇ. ಪಾಟಾ ತೆಗೆದು ಕಾಯಿಲ್‌ಓವರ್ ಹಾಕಬೇಕೆಂದರೆ ಆಕ್ಸಲ್ ಹಿಡಿಯಲು ಹೊಸ ತೋಳುಗಳನ್ನು ಬೆಸುಗೆ ಹಾಕಬೇಕಾಗುತ್ತದೆ. ಅದು ರಸ್ತೆಬದಿ ಗ್ಯಾರೇಜಿನ ಕೆಲಸವಲ್ಲ, ಕಾನೂನಿಗೂ ಒಪ್ಪುವುದಿಲ್ಲ. ಪಾಟಾ ಗಾಡಿ ಇದ್ದವರು ಹೊಸ ಪಾಟಾ, ಹೊಸ ಬುಷ್, ಒಳ್ಳೆಯ ಶಾಕ್ ಹಾಕಿಸಿಕೊಂಡರೆ ಸಾಕು.

ಟೈನ್, ಬಿಸಿ ರೇಸಿಂಗ್, ಕೆಡಬ್ಲ್ಯು, ಬಿಲ್‌ಸ್ಟೈನ್‌ನಂಥ ಹೊರದೇಶದ ಕಂಪನಿಗಳ ಹೆಸರು ಎಲ್ಲರಿಗೂ ಗೊತ್ತು. ಅವರ ಪಟ್ಟಿಯಲ್ಲಿ ನಿಮ್ಮ ಮಾದರಿಯ ಕಾರೇ ಇರಬೇಕು. ‘ಇದೂ ಕೂರುತ್ತದೆ, ಸ್ವಲ್ಪ ಕೊರೆದರೆ ಆಯಿತು’ ಎಂದು ಬೇರೆ ಕಾರಿನ ಕಿಟ್ ಮಾರುವವರಿದ್ದಾರೆ. ಕೊರೆಯಬೇಕಾದ ಕಿಟ್ ನಿಮ್ಮದಲ್ಲ.

ಇನ್ನು ಸ್ಪ್ರಿಂಗ್‌ನ ಬಿಗಿ. ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲಿಯೇ, ಆದ್ದರಿಂದ ಲೆಕ್ಕವನ್ನು ಸಾವಕಾಶವಾಗಿ ನೋಡಬೇಕು. ಸ್ಪ್ರಿಂಗ್ ಒಂದು ಮಿಲಿಮೀಟರ್ ಕುಗ್ಗಲು ಎಷ್ಟು ಕಿಲೋ ಭಾರ ಬೇಕು ಎಂಬುದು ಅದರ ಬಿಗಿ. ಒಂದು ಮುಂಗಾಲಿಯ ಸ್ಪ್ರಿಂಗ್ ಮೇಲೆ 250 ಕಿಲೋ ಕೂತಿದೆ ಎಂದುಕೊಳ್ಳಿ. ಮಿಲಿಮೀಟರ್‌ಗೆ 2 ಕಿಲೋ ಬಿಗಿಯ ಸ್ಪ್ರಿಂಗ್ ಆ ಭಾರಕ್ಕೆ 125 ಮಿಲಿಮೀಟರ್ ಕುಗ್ಗುತ್ತದೆ. ಅಂಥ ಗಾಡಿ ತನ್ನ ಪಾಡಿಗೆ ತೂಗಿದರೆ ಸೆಕೆಂಡಿಗೆ ಸುಮಾರು 1.4 ಸಲ ತೂಗುತ್ತದೆ. ಮನೆಯವರು ಕೂತು ಹೋಗುವ ಕಾರುಗಳನ್ನು ಸೆಕೆಂಡಿಗೆ 1ರಿಂದ 1.5ರ ನಡುವೆ ತೂಗುವಂತೆ ಮಾಡುತ್ತಾರೆ. ನಡೆಯುವಾಗ ಮೈ ಆಡುವ ಲಯಕ್ಕೆ ಅದು ಹತ್ತಿರ, ಹೊಟ್ಟೆ ತೊಳಸುವುದಿಲ್ಲ. ಅದೇ ಭಾರಕ್ಕೆ 4 ಕಿಲೋ ಸ್ಪ್ರಿಂಗ್ ಹಾಕಿದರೆ ಕುಗ್ಗುವುದು 62.5 ಮಿಲಿಮೀಟರ್, ತೂಗುವುದು 2 ಸಲ. 6 ಕಿಲೋ ಹಾಕಿದರೆ ಕುಗ್ಗುವುದು ಬರೀ 42, ತೂಗುವುದು 2.4 ಸಲ. ರೇಸ್ ಟ್ರ್ಯಾಕಿನ ನುಣುಪು ನೆಲಕ್ಕೆ ಅದು ಸರಿ. ಕೆಂಭಾವಿ ಕಡೆಯ ತಗ್ಗುಗಳ ಮೇಲೆ ಅಜ್ಜಿಯನ್ನು ಕೂರಿಸಿಕೊಂಡು ಹೋದರೆ ಒಂದೊಂದು ತಗ್ಗೂ ಬೆನ್ನುಮೂಳೆಗೇ ಮುಟ್ಟುತ್ತದೆ.

ಹಾಗೆಂದು ಕಂಪನಿಯ ಮೂಲ ಬಿಗಿಯೇ ನಮಗೆ ಯಾವಾಗಲೂ ಸರಿ ಎಂದೂ ಹೇಳಲಾರೆ. ನಮ್ಮ ಕಡೆ ಕಾರು ಖಾಲಿ ಓಡುವುದು ಕಡಿಮೆ. ಸಂಕ್ರಮಣಕ್ಕೆ ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಹೊರಟರೆ ಒಳಗೆ ತುಂಬ ಜನ, ಡಿಕ್ಕಿಯಲ್ಲಿ ಬುತ್ತಿ ಗಂಟು, ಬರುವಾಗ ಸಂತೆ ಸಾಮಾನು. ಹಿಂಗಾಲಿಗಳ ಮೇಲೆ 200 ಕಿಲೋ ಹೆಚ್ಚಾದರೆ ಒಂದೊಂದಕ್ಕೆ 100. ಚಕ್ರದ ಜಾಗದಲ್ಲಿ ಮಿಲಿಮೀಟರ್‌ಗೆ 2 ಕಿಲೋ ಬಿಗಿಯಿದ್ದರೆ ಹಿಂಭಾಗ 50 ಮಿಲಿಮೀಟರ್ ಇಳಿಯುತ್ತದೆ. ಮೂಲ ಸ್ಪ್ರಿಂಗ್‌ಗಿಂತ ಕಾಲು ಭಾಗ ಹೆಚ್ಚು ಬಿಗಿಯಿದ್ದು 2.5 ಆಗಿದ್ದರೆ ಇಳಿಯುವುದು 40. ಆ 10 ಮಿಲಿಮೀಟರ್ ಹಂಪ್ ಮೇಲೆ ಗಾಡಿಯ ತಳವನ್ನು ಉಳಿಸಬಲ್ಲದು. ಮೂಲಕ್ಕಿಂತ ಕಾಲು ಭಾಗದಷ್ಟು, ಹೆಚ್ಚೆಂದರೆ ಮೂರನೆಯ ಒಂದು ಭಾಗದಷ್ಟು ಹೆಚ್ಚಿನ ಬಿಗಿ ನಮ್ಮ ದಾರಿಗೆ ಸಾಕು. ಕಿಟ್ ಕೊಳ್ಳುವಾಗ ಬಣ್ಣ, ಹೆಸರು ಕೇಳುವ ಮೊದಲು ಸ್ಪ್ರಿಂಗ್ ಎಷ್ಟು ಕಿಲೋದ್ದು ಎಂದು ಕೇಳಿ. ಅಂಗಡಿಯವರಿಗೆ ಉತ್ತರ ಗೊತ್ತಿಲ್ಲದಿದ್ದರೆ ಎದ್ದು ಬನ್ನಿ.

ಹಂಪ್‌ಗಳ ಲೆಕ್ಕವನ್ನೂ ಮಾಡಿಬಿಡೋಣ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದ ಪ್ರಕಾರ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು; ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟುವಂತೆ ಅದರ ಉಬ್ಬು. ಊರೊಳಗೆ ರಾತ್ರೋರಾತ್ರಿ ಏಳುವ ಹಂಪ್‌ಗಳು ಗಿಡ್ಡ, ಕಡಿದು, ಹೆಚ್ಚು ಎತ್ತರ. ಸ್ವಿಫ್ಟ್‌ನ ತಳ ಖಾಲಿಯಿದ್ದಾಗ ನೆಲದಿಂದ 170 ಮಿಲಿಮೀಟರ್ ಮೇಲೆ. ಜನ, ಸಾಮಾನು ಕೂತು 50 ಇಳಿದರೆ ಉಳಿದದ್ದು 120. ಇದರ ಮೇಲೆ ಚಂದಕ್ಕೆಂದು 40 ಇಳಿಸಿದರೆ 80. ನಿಯಮಬದ್ಧ ಹಂಪ್ ಕೂಡ 100 ಇರುವಾಗ 80ರಲ್ಲಿ ಏನು ಮಾಡುವುದು? ಗಾಡಿ ಇಳಿಸಬೇಡಿ ಎಂದು ನಾನು ಒತ್ತಿ ಹೇಳುವುದು ಈ ಲೆಕ್ಕದ ಮೇಲೆ.

ಇಳಿಸಿದರೆ ಗಾಡಿ ತಿರುವಿನಲ್ಲಿ ನೆಟ್ಟಗೆ ನಿಲ್ಲುತ್ತದೆ ಎಂಬ ಮಾತೂ ಅರ್ಧ ಸತ್ಯ. ಮ್ಯಾಕ್‌ಫರ್ಸನ್ ಸ್ಟ್ರಟ್‌ನಲ್ಲಿ ಕೆಳಗಿನ ತೋಳು ಹೆಚ್ಚುಕಡಿಮೆ ಅಡ್ಡಲಾಗಿ ಇರಬೇಕು. ಗಾಡಿಯನ್ನು ಬಹಳ ಇಳಿಸಿದರೆ ಅದರ ಗಾಲಿ ಕಡೆಯ ತುದಿ ಮೇಲಕ್ಕೆ ಓರೆಯಾಗುತ್ತದೆ. ಆಗ ಗಾಡಿಯ ಮೈ ಓಲುವ ಕೇಂದ್ರವು ಗಾಡಿಯ ಭಾರಕೇಂದ್ರಕ್ಕಿಂತ ವೇಗವಾಗಿ ಕೆಳಗಿಳಿಯುತ್ತದೆ. ಎರಡರ ನಡುವಿನ ಅಂತರ ಬೆಳೆದು, ಅದೇ ಬಿಗಿಯ ಸ್ಪ್ರಿಂಗ್‌ನಲ್ಲಿ ಮೈ ಇನ್ನೂ ಹೆಚ್ಚು ಓಲಬಹುದು. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣು ದಾರಿಯಲ್ಲಿ ನಡೆಯುವ ರ‍್ಯಾಲಿಯನ್ನು, ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿಯನ್ನು ನೋಡಿದವರಿಗೆ ಗೊತ್ತು: ಅಲ್ಲಿನ ಕಾರುಗಳಲ್ಲಿ ಕಾಯಿಲ್‌ಓವರ್ ಇದ್ದೂ ಮಣ್ಣಿನ ಮೇಲೆ ಗಾಡಿ ಎತ್ತರ ನಿಂತಿರುತ್ತದೆ, ಗಾಲಿ ಉದ್ದಕ್ಕೆ ಆಡುತ್ತದೆ. ಗೆಲ್ಲಲೆಂದೇ ಓಡುವವರು ಮಣ್ಣಿನಲ್ಲಿ ಇಳಿಸುವುದಿಲ್ಲ. ಕಲಿಯುವುದಾದರೆ ಅವರಿಂದ ಕಲಿಯೋಣ.

ಕೂಡಿಸುವ ಕೆಲಸ

ಇಬ್ಬರು ಸೇರಿ ಮಾಡಿದರೆ ಒಂದು ಇಡೀ ದಿನದ ಕೆಲಸ. ಮೊದಲು ಹಳೆಯ ಕಾರಿನ ಮೈ ನೋಡಬೇಕು. ಬಾನೆಟ್ ಎತ್ತಿ, ಸ್ಟ್ರಟ್‌ನ ಮೇಲ್ತುದಿ ಕೂರುವ ತಗಡಿನ ಗೋಪುರದ ಸುತ್ತ ಬೆಸುಗೆಯ ಸಾಲು ಬಿರುಕು ಬಿಟ್ಟಿದೆಯೇ, ತುಕ್ಕು ತಿಂದು ಪುಟ್ಟಿ ಮೆತ್ತಿದ್ದಾರೆಯೇ ಎಂದು ಕೈಯಾಡಿಸಿ ನೋಡಿ. ಬಿಗಿ ಹೆಚ್ಚಿದ ಸ್ಪ್ರಿಂಗ್‌ನ ಏಟೆಲ್ಲ ಹೋಗಿ ಬೀಳುವುದು ಆ ಗೋಪುರಕ್ಕೆ. ಅದು ಸರಿಯಿಲ್ಲದ ಗಾಡಿಗೆ ಯಾವ ಕಿಟ್ಟೂ ಬೇಡ. ಕೆಳತೋಳಿನ ಬುಷ್, ಬಾಲ್ ಜಾಯಿಂಟ್, ಸ್ಟೀರಿಂಗ್‌ನ ಟೈ ರಾಡ್ ತುದಿ, ಗಾಲಿಯ ಬೇರಿಂಗ್ ಇವುಗಳಲ್ಲಿ ಸಡಿಲವಿದ್ದರೆ ಅವನ್ನು ಮೊದಲು ಬದಲಿಸಿ. ಸವೆದ ಬುಷ್ ಬಿಟ್ಟು ಹೊಸ ಶಾಕ್ ಹಾಕಿದರೆ ಕಟಕಟ ಸದ್ದು ಹೋಗುವುದಿಲ್ಲ, ದುಡ್ಡು ಮಾತ್ರ ಹೋಗುತ್ತದೆ.

ಹಿಂದಿನ ದಿನವೇ ಎಲ್ಲ ಬೋಲ್ಟುಗಳ ಮಣ್ಣು ತೊಳೆದು, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಯಲು ಬಿಡಿ. ಬೆಳಗ್ಗೆ ಗಾಡಿಯನ್ನು ಸಮ ನೆಲದ ಮೇಲೆ ನಿಲ್ಲಿಸಿ, ನಾಲ್ಕೂ ಕಡೆ ಗಾಲಿಯ ನಡುಬಿಂದುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಅಳೆದು ಬರೆದಿಟ್ಟುಕೊಳ್ಳಿ. ನೆಲದಿಂದ ಅಳೆದರೆ ಗಾಳಿ ಕಡಿಮೆಯಿರುವ ಟೈರು ಲೆಕ್ಕ ಕೆಡಿಸುತ್ತದೆ. ಈ ನಾಲ್ಕು ಅಂಕಿಗಳೇ ಮುಂದಿನ ಕೆಲಸಕ್ಕೆಲ್ಲ ಆಧಾರ.

ಜ್ಯಾಕ್ ಇಡುವ ಜಾಗ ನೋಡಿ ಇಡಬೇಕು. ಎರೆ ಮಣ್ಣಿನ ಮೇಲೆ ಜ್ಯಾಕ್ ಕುಸಿಯುತ್ತದೆ. ಶಹಾಬಾದ್ ಫರಸಿ ಹಾಸಿದ ಅಂಗಳದಲ್ಲಿ ಒಂದೇ ಬಿಂದುವಿನ ಮೇಲೆ ಭಾರ ಬಿದ್ದರೆ ಕಲ್ಲು ಸೀಳುತ್ತದೆ. ಎರಡೂ ಕಡೆ ಅಡಿಗೆ ದಪ್ಪ ಮರದ ಹಲಗೆ ಹಾಕಿ. ಎತ್ತದ ಗಾಲಿಗಳಿಗೆ ಮುಂದೂ ಹಿಂದೂ ಕಲ್ಲು ಕೊಡಿ. ಎತ್ತಿದ ಮೇಲೆ ಗಾಡಿ ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಬೇಕು. ಬರೀ ಜ್ಯಾಕ್ ನಂಬಿ ಯಾರೂ ಕೈಯಾಗಲಿ ತಲೆಯಾಗಲಿ ಒಳಗೆ ಹಾಕಬಾರದು.

ಗಾಲಿ ಬಿಚ್ಚಿದ ಮೇಲೆ ಸ್ಟ್ರಟ್‌ಗೆ ಕಟ್ಟಿದ ಬ್ರೇಕ್ ಪೈಪಿನ ಕ್ಲಿಪ್ ತೆಗೆಯಿರಿ. ಸ್ಟೆಬಿಲೈಸರ್ ಲಿಂಕ್ ಸ್ಟ್ರಟ್‌ಗೇ ಕಟ್ಟಿದ್ದರೆ ಅದನ್ನೂ ಬಿಚ್ಚಿ. ಸ್ಟ್ರಟ್‌ನ ಬುಡವನ್ನು ಹಬ್‌ಗೆ ಹಿಡಿದಿರುವ ಎರಡು ದಪ್ಪ ಬೋಲ್ಟುಗಳ ತಲೆಯ ಸುತ್ತ ಬಣ್ಣದಿಂದ ಗುರುತು ಮಾಡಿ, ಗಾಲಿಯ ಓರೆ ಎಷ್ಟಿತ್ತೆಂಬ ಅಂದಾಜು ಅದರಿಂದ ಉಳಿಯುತ್ತದೆ. ಬೋಲ್ಟು ತೆಗೆಯುವ ಮೊದಲು ಹಬ್‌ನ ಕೆಳಗೆ ಇನ್ನೊಂದು ಜ್ಯಾಕ್ ಕೊಡಿ. ಆಸರೆಯಿಲ್ಲದೆ ಹಬ್ ಹೊರಕ್ಕೆ ವಾಲಿದರೆ ಬ್ರೇಕ್ ಪೈಪ್ ಜಗ್ಗುತ್ತದೆ, ಗೇರ್‌ಬಾಕ್ಸ್ ಕಡೆಯ ಡ್ರೈವ್ ಶಾಫ್ಟ್ ಜಾಯಿಂಟ್ ಒಳಗಿಂದ ಕಳಚಿಕೊಳ್ಳಬಹುದು. ಕಡೆಗೆ ಬಾನೆಟ್ ಒಳಗಿನ ಸುತ್ತಲ ನಟ್ಟುಗಳನ್ನು ಬಿಚ್ಚಿ, ಸ್ಟ್ರಟ್ ಅನ್ನು ಕೆಳಗಿನಿಂದ ಹೊರತೆಗೆಯಿರಿ.

ನಡುವಿನ ನಟ್ಟನ್ನು ಮಾತ್ರ ಮುಟ್ಟಬಾರದು. ಇದೊಂದು ಮಾತನ್ನು ಎಷ್ಟು ಸಲ ಹೇಳಿದರೂ ಹೆಚ್ಚಲ್ಲ. ಸ್ಟ್ರಟ್ ಗಾಡಿಯಿಂದ ಹೊರಬಂದ ಮೇಲೂ ಒಳಗೆ ಸ್ಪ್ರಿಂಗ್ ಅದುಮಿಕೊಂಡೇ ಇರುತ್ತದೆ. ಅದನ್ನು ಹಿಡಿದಿಟ್ಟಿರುವುದು ಆ ಒಂದೇ ನಟ್ಟು. ಸ್ಪ್ರಿಂಗ್ ಕಂಪ್ರೆಸರ್ ಹಾಕಿ, ಎರಡೂ ಬದಿ ಸಮನಾಗಿ ಬಿಗಿದು, ಸ್ಪ್ರಿಂಗ್ ತಟ್ಟೆಯಿಂದ ಸಡಿಲವಾಯಿತೆಂದು ಕಣ್ಣಾರೆ ಕಂಡ ಮೇಲಷ್ಟೇ ನಟ್ಟು ಬಿಚ್ಚಬೇಕು. ತಂತಿ ಸುತ್ತಿ, ಹಗ್ಗ ಕಟ್ಟಿ ಈ ಕೆಲಸ ಮಾಡುವವರಿದ್ದಾರೆ. ಜಾರಿದ ಸ್ಪ್ರಿಂಗ್ ದವಡೆ ಮುರಿಯಬಲ್ಲದು, ಪ್ರಾಣ ತೆಗೆಯಬಲ್ಲದು. ಕಂಪ್ರೆಸರ್ ಇಲ್ಲದ ಗ್ಯಾರೇಜಿನಲ್ಲಿ ಈ ಕೆಲಸ ಮಾಡಿಸಬೇಡಿ, ಮೇಸ್ತ್ರಿ ಎಷ್ಟೇ ಅನುಭವಿಯಾಗಿರಲಿ.

ಬಹಳಷ್ಟು ಕಿಟ್‌ಗಳಲ್ಲಿ ಹಳೆಯ ಮೇಲ್ಮೌಂಟನ್ನೇ ಹೊಸ ಶಾಕ್‌ಗೆ ಹಾಕಿಕೊಳ್ಳಬೇಕಾಗುತ್ತದೆ. ಹದಿನೈದು ವರ್ಷದ ರಬ್ಬರ್ ಮೌಂಟು, ಸ್ಟೀರಿಂಗ್ ತಿರುಗಿಸುವಾಗ ತಿರುಗುವ ಅದರ ಬೇರಿಂಗು ಎರಡನ್ನೂ ಹೊಸದು ತಂದುಬಿಡಿ; ಒಟ್ಟು ಖರ್ಚಿನಲ್ಲಿ ಅವುಗಳ ಪಾಲು ಸಣ್ಣದು. ಬಂಪ್ ಸ್ಟಾಪ್ ಎಂಬ ರಬ್ಬರ್ ಗುಬ್ಬಿಯನ್ನೂ ಧೂಳು ತಡೆಯುವ ತೊಗಲನ್ನೂ ಬಿಡದೆ ಹಾಕಿ. ಶಾಕ್ ಪೂರ್ತಿ ಅದುಮಿದಾಗ ಲೋಹಕ್ಕೆ ಲೋಹ ಬಡಿಯದಂತೆ ಕಾಯುವುದು ಆ ಗುಬ್ಬಿ. ಗಾಡಿ ಇಳಿಸಲು ಅದನ್ನೇ ಕತ್ತರಿಸಿ ಎಸೆಯುವವರು ಶಾಕ್‌ನ ಆಯುಷ್ಯವನ್ನು ಕೈಯಾರೆ ಕತ್ತರಿಸುತ್ತಾರೆ.

ಹೊಸ ಸ್ಟ್ರಟ್ ಏರಿಸುವ ಮೊದಲು ಎಡ ಬಲ ಎರಡರ ತಟ್ಟೆಗಳೂ ಒಂದೇ ಎತ್ತರದಲ್ಲಿವೆಯೇ ಎಂದು ಅಳೆದು ನೋಡಿ. ಏರಿಸುವಾಗ ಮೇಲಿನ ನಟ್ಟುಗಳನ್ನು ಕೈಯಿಂದ ಹಿಡಿಸಿ, ಕೆಳಗಿನ ಬೋಲ್ಟು ತೂರಿಸಿ, ಆಮೇಲೆ ಬಿಗಿಯಿರಿ. ಬಿಗಿಯಲು ಟಾರ್ಕ್ ಪಾನಾ ಬೇಕು, ಕಾರಿನ ಕೈಪಿಡಿಯಲ್ಲಿ ಕೊಟ್ಟ ಅಂಕಿಗೇ ನಿಲ್ಲಬೇಕು. ಸ್ವತಃ ಬಿಗಿಯಾಗುವ ನಟ್ಟುಗಳು ಒಮ್ಮೆ ಬಿಚ್ಚಿದ ಮೇಲೆ ಹಿಡಿತ ಕಳೆದುಕೊಂಡಿರುತ್ತವೆ, ಹೊಸದು ಹಾಕಿ.

ಒಂದು ಸೂಕ್ಷ್ಮವನ್ನು ಒಳ್ಳೆಯ ಮೇಸ್ತ್ರಿಗಳೂ ಮರೆಯುತ್ತಾರೆ. ಕೆಳತೋಳಿನ ರಬ್ಬರ್ ಬುಷ್‌ನ ಬೋಲ್ಟನ್ನು ಗಾಲಿ ಗಾಳಿಯಲ್ಲಿ ನೇತಾಡುವಾಗ ಕೊನೆಯ ಬಿಗಿ ಕೊಡಬಾರದು. ಹಾಗೆ ಮಾಡಿದರೆ ಗಾಡಿ ನೆಲಕ್ಕಿಳಿದ ಕೂಡಲೇ ರಬ್ಬರ್ ತಿರುಚಿಕೊಂಡು ಸದಾ ಆ ತಿರುಚಿನಲ್ಲೇ ದುಡಿಯುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಗಾಡಿಯ ಭಾರ ಗಾಲಿಗಳ ಮೇಲೆ ಬಿದ್ದ ಮೇಲೆ ಬಿಗಿಯಬೇಕು.

ಗಾಲಿ ಹಾಕುವ ಮುನ್ನ ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ, ಬ್ರೇಕ್ ಪೈಪ್ ಎಲ್ಲಿಯೂ ಜಗ್ಗುತ್ತಿಲ್ಲ, ಉಜ್ಜುತ್ತಿಲ್ಲ ಎಂದು ನೋಡಿ. ಗಾಲಿ ಹಾಕಿದ ಮೇಲೆ ಟೈರಿಗೂ ಸ್ಪ್ರಿಂಗ್ ತಟ್ಟೆಗೂ ನಡುವೆ ಬೆರಳು ಸಲೀಸಾಗಿ ಆಡುವಷ್ಟು ಜಾಗ ಇರಬೇಕು. ಎರೆ ಮಣ್ಣು ಟೈರಿಗೆ ಮೆತ್ತಿದಾಗ ಆ ಜಾಗವೇ ಬೇಕಾಗುವುದು.

ಎತ್ತರ, ಗುಂಡಿ, ಅಲೈನ್‌ಮೆಂಟ್

ತಟ್ಟೆಯನ್ನು ಮೇಲಕ್ಕೆ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಗ್ಯಾರೇಜುಗಳಲ್ಲಿ ಬೇರೂರಿದೆ. ಅದು ನಿಜವಲ್ಲ. 4 ಕಿಲೋ ಸ್ಪ್ರಿಂಗ್ 250 ಕಿಲೋ ಭಾರಕ್ಕೆ 62.5 ಮಿಲಿಮೀಟರ್ ಕುಗ್ಗಲೇಬೇಕು. ಮೊದಲೇ 10 ಮಿಲಿಮೀಟರ್ ಅದುಮಿಟ್ಟರೆ ಗಾಡಿಯ ಭಾರಕ್ಕೆ ಉಳಿದ 52.5 ಕುಗ್ಗುತ್ತದೆ, ಗಾಡಿ 10 ಮಿಲಿಮೀಟರ್ ಮೇಲೇಳುತ್ತದೆ. ಸ್ಪ್ರಿಂಗ್‌ನ ಬಿಗಿ ಮಿಲಿಮೀಟರ್‌ಗೆ 4 ಕಿಲೋ ಇದ್ದದ್ದು ಅಷ್ಟೇ ಉಳಿಯಿತು. ಬದಲಾದದ್ದು ಬೇರೆ: ಗಾಲಿ ಕೆಳಕ್ಕೆ ಚಾಚುವ ಜಾಗ 10 ಕಡಿಮೆಯಾಯಿತು, ಮೇಲಕ್ಕೆ ಆಡುವ ಜಾಗ 10 ಹೆಚ್ಚಾಯಿತು. ತಗ್ಗಿನಲ್ಲಿ ಗಾಲಿ ಕೆಳಗೆ ಚಾಚಿ ನೆಲ ಹಿಡಿಯಬೇಕು. ಹಾಗಾಗಿ ಎತ್ತರದ ಆಸೆಗೆ ತಟ್ಟೆಯನ್ನು ವಿಪರೀತ ಮೇಲೇರಿಸಿದರೆ ಗಾಲಿ ತಗ್ಗಿಗೆ ಮುಟ್ಟದೆ ಟಕ್ಕನೆ ಕೊನೆ ಬಡಿಯುತ್ತದೆ. ಬುಡದ ಬ್ರಾಕೆಟ್ಟೇ ತಿರುಪಿನ ಮೇಲೆ ಉದ್ದ ಗಿಡ್ಡ ಆಗುವ ಕಿಟ್‌ಗಳಲ್ಲಿ ಈ ತೊಂದರೆಯಿಲ್ಲ, ಗಾಲಿ ಆಡುವ ಜಾಗ ಹಾಗೇ ಉಳಿದು ಎತ್ತರ ಮಾತ್ರ ಬದಲಾಗುತ್ತದೆ. ದುಡ್ಡು ಹೆಚ್ಚಾದರೂ ನಮ್ಮ ದಾರಿಗೆ ನಾನು ಹೇಳುವುದು ಅಂಥದ್ದನ್ನೇ. ಬ್ರಾಕೆಟ್ ಒಳಗೆ ಎಷ್ಟು ಎಳೆ ಹಿಡಿದಿರಬೇಕೆಂದು ತಯಾರಕರು ಗುರುತು ಕೊಟ್ಟಿರುತ್ತಾರೆ, ಅದನ್ನು ಮೀರಬಾರದು.

ಎತ್ತರ ಎಷ್ಟಿಡಬೇಕು? ಬೆಳಗ್ಗೆ ಬರೆದಿಟ್ಟ ಅಂಕಿಗಳು ಸತ್ತ ಸ್ಪ್ರಿಂಗ್‌ನವು. ಹಳೆಯ ಕಾರು ಆಗಲೇ ಒಂದಿಷ್ಟು ಕುಸಿದಿರುತ್ತದೆ. ಕಂಪನಿಯಿಂದ ಬಂದಾಗಿನ ಎತ್ತರ, ಇಲ್ಲವೇ ಅದಕ್ಕಿಂತ 10 ಮಿಲಿಮೀಟರ್ ಮೇಲೆ ಇಟ್ಟರೆ ಸಾಕು. ಅದನ್ನೂ ದಾಟಿ 30, 40 ಏರಿಸಿದರೆ ಡ್ರೈವ್ ಶಾಫ್ಟ್ ಜಾಯಿಂಟ್‌ಗಳು ಕಡಿದಾದ ಓರೆಯಲ್ಲಿ ತಿರುಗಿ, ಅವುಗಳ ರಬ್ಬರ್ ತೊಗಲು ಹರಿದು ಮಣ್ಣು ಒಳಸೇರುತ್ತದೆ. ಕೂಡಿಸಿದ ಮೇಲೆ ಊರ ಸುತ್ತ ನಿಧಾನವಾಗಿ ಓಡಿಸಿ ಬನ್ನಿ. ರಬ್ಬರುಗಳೆಲ್ಲ ಕೂತು ಎತ್ತರ ಸ್ವಲ್ಪ ಇಳಿಯುತ್ತದೆ. ಡ್ರೈವರ್ ಸೀಟಿನಲ್ಲಿ ಒಬ್ಬರನ್ನು ಕೂರಿಸಿ ಮತ್ತೆ ಅಳೆದು, ಎಡ ಬಲ ಸಮ ಮಾಡಿ, ಆಮೇಲೆ ಬಳೆ ಬಿಗಿಯಿರಿ.

ಎಣ್ಣೆಯ ತೂತು ಕಿರಿದು ಮಾಡುವ ಗುಂಡಿ ಇದ್ದರೆ ಅದನ್ನು ಪೂರ್ತಿ ಗಟ್ಟಿಯ ಕೊನೆಗೆ ನಯವಾಗಿ ತಿರುಗಿಸಿ, ಅಲ್ಲಿಂದ ಹಿಂದಕ್ಕೆ ಕ್ಲಿಕ್ ಎಣಿಸಬೇಕು. ಕೊನೆಯಲ್ಲಿ ಬಲ ಹಾಕಿದರೆ ಒಳಗಿನ ಸೂಜಿ ಹಾಳಾಗುತ್ತದೆ. ಮೃದು ಕಡೆಯಿಂದ ಶುರು ಮಾಡಿ, ಒಂದೇ ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸುತ್ತ ಎರಡೆರಡು ಕ್ಲಿಕ್ ಗಟ್ಟಿ ಮಾಡಿ. ಹಂಪ್ ದಾಟಿದ ಮೇಲೆ ಗಾಡಿ ಒಮ್ಮೆ ಎದ್ದು ಕೂತು ಸುಮ್ಮನಾದರೆ ಅದೇ ಜಾಗ. ತುಂಬ ಗಟ್ಟಿ ಮಾಡಿದರೆ ಸಾಲು ತಗ್ಗುಗಳಲ್ಲಿ ಅದುಮಿದ ಸ್ಪ್ರಿಂಗ್ ಮತ್ತೆ ಚಾಚಲು ಸಮಯ ಸಿಗದೆ ಗಾಡಿ ಹಂತಹಂತವಾಗಿ ಕುಸಿಯುತ್ತ ಹೋಗುತ್ತದೆ, ನಾಲ್ಕನೆಯ ತಗ್ಗಿಗೆ ಬಂಪ್ ಸ್ಟಾಪ್ ಮೇಲೆ ಕೂತಿರುತ್ತದೆ.

ಅಲೈನ್‌ಮೆಂಟ್ ಮಾಡಿಸದೆ ಈ ಕೆಲಸ ಮುಗಿಯುವುದಿಲ್ಲ. ಎತ್ತರ ಬದಲಾದರೆ ಗಾಲಿಗಳ ಮುಖ ಒಳಕ್ಕೋ ಹೊರಕ್ಕೋ ತಿರುಗುತ್ತದೆ, ಹೊಸ ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ. ಹೆಡ್‌ಲೈಟಿನ ಬೆಳಕು ಬೀಳುವ ಜಾಗವೂ ಬದಲಾಗಿರುತ್ತದೆ. ಎದುರಿನವರ ಕಣ್ಣು ಕುಕ್ಕದಂತೆ ಅದನ್ನೂ ಸರಿ ಮಾಡಿಸಿ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಎಲ್ಲ ಬೋಲ್ಟುಗಳ ಬಿಗಿಯನ್ನು ಇನ್ನೊಮ್ಮೆ ಪರೀಕ್ಷಿಸಬೇಕು.

ಆರೈಕೆಯ ಮಾತು ಮಳೆಗಾಲಕ್ಕೆ ಸೇರಿದ್ದು. ತಿರುಪಿನ ಎಳೆಯೊಳಗೆ ಹೊಕ್ಕ ಎರೆ ಮಣ್ಣು ಒಣಗಿದರೆ ಸಿಮೆಂಟಿನಂತೆ ಹಿಡಿಯುತ್ತದೆ. ಆ ಸ್ಥಿತಿಯಲ್ಲಿ ಪಾನಾ ಹಾಕಿ ಬಲವಂತ ಮಾಡಿದರೆ ಅಲ್ಯುಮಿನಿಯಂ ಬಳೆಯ ಹಲ್ಲು ಕಿತ್ತು ಬರುತ್ತದೆ. ರಾಡಿಯಲ್ಲಿ ಓಡಿಸಿ ಬಂದ ದಿನವೇ ನೀರು ಬಿಟ್ಟು ನೈಲಾನ್ ಬ್ರಷ್‌ನಿಂದ ಎಳೆ ತೊಳೆಯಿರಿ. ಗ್ರೀಸ್ ಮೆತ್ತಬೇಡಿ, ಅದು ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಒಣಗುವ ಜಾತಿಯ ಲೂಬ್ರಿಕೆಂಟ್ ಸಿಂಪಡಿಸಿದರೆ ಸಾಕು. ಶಾಕ್‌ನ ಹೊಳೆಯುವ ದಂಡದ ಮೇಲೆ ಎಣ್ಣೆಯ ಗೆರೆ ಕಂಡರೆ ಸೀಲ್ ಹೋಗಿದೆ ಎಂದರ್ಥ.

ಕಾನೂನು ಏನು ಹೇಳುತ್ತದೆ? ಮೋಟಾರು ವಾಹನ ಕಾಯ್ದೆ 1988ರ 52ನೆಯ ಕಲಂ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಮಾರ್ಪಾಡಿಗೆ ಒಂದೊಂದಕ್ಕೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ವಿಧಿಸಬಹುದು. ಸವೆದ ಶಾಕ್‌ಗೆ ಅದೇ ಅಳತೆಯ ಹೊಸ ಶಾಕ್ ಹಾಕುವುದು ದುರಸ್ತಿ. ಗಾಡಿಯ ಎತ್ತರ ಬದಲಿಸುವುದು ಮಾರ್ಪಾಡೆಂದು ಅಧಿಕಾರಿ ಹೇಳಬಹುದು. 15 ವರ್ಷ ತುಂಬಿದ ಖಾಸಗಿ ಕಾರು ನೋಂದಣಿ ನವೀಕರಣಕ್ಕೆ ಪರೀಕ್ಷೆಗೆ ಹೋಗಲೇಬೇಕು, ಆಮೇಲೆ 5 ವರ್ಷಕ್ಕೊಮ್ಮೆ. ಕೆಎ 33 ಗಾಡಿಯವರು ಕಿಟ್ ಕೊಳ್ಳುವ ಮೊದಲೇ ಯಾದಗಿರಿಯ ಆರ್‌ಟಿಒ ಕಚೇರಿಗೆ ಬರೆದು ಕೇಳಿ, ಲಿಖಿತ ಉತ್ತರ ಪಡೆಯಿರಿ. ವಿಮಾ ಕಂಪನಿಗೂ ತಿಳಿಸಿ; ತಿಳಿಸದ ಮಾರ್ಪಾಡು ಅಪಘಾತದ ದಿನ ಪರಿಹಾರಕ್ಕೆ ಅಡ್ಡ ಬರುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ನನ್ನ ತೀರ್ಪು ಇದು. ಮನೆಯ ಕಾರು ಕುಣಿಯುತ್ತಿದೆ, ಸದ್ದು ಮಾಡುತ್ತಿದೆ ಎಂಬುದಷ್ಟೇ ದೂರಾಗಿದ್ದರೆ ಕಂಪನಿಯದೇ ಹೊಸ ಶಾಕ್, ಮೌಂಟ್, ಬುಷ್ ಹಾಕಿಸಿ; ಹತ್ತರಲ್ಲಿ ಒಂಬತ್ತು ಗಾಡಿಗಳಿಗೆ ಅದೇ ಮದ್ದು. ಸದಾ ತುಂಬಿದ ಹೊರೆಯಲ್ಲಿ ಓಡುವ, ಮೈ ಗಟ್ಟಿಯಿರುವ, ಇನ್ನೂ ಹಲವು ವರ್ಷ ಇಟ್ಟುಕೊಳ್ಳುವ ಸ್ಟ್ರಟ್ ಜಾತಿಯ ಕಾರಾಗಿದ್ದರೆ, ಮೂಲಕ್ಕಿಂತ ಕಾಲು ಭಾಗದಷ್ಟೇ ಹೆಚ್ಚು ಬಿಗಿಯ ಸ್ಪ್ರಿಂಗ್‌ನ, ಬುಡದಿಂದ ಎತ್ತರ ಬದಲಿಸುವ ಕಾಯಿಲ್‌ಓವರ್ ಹಾಕಿ, ಮೂಲ ಎತ್ತರದಲ್ಲೇ ನಿಲ್ಲಿಸಿ. ಬಿಚ್ಚಿದ ಹಳೆಯ ಸ್ಟ್ರಟ್‌ಗಳಲ್ಲಿ ಸ್ಪ್ರಿಂಗ್, ತಟ್ಟೆ, ಬ್ರಾಕೆಟ್ ಸರಿಯಿದ್ದರೆ ಗುಜರಿಗೆ ಹಾಕಬೇಡಿ. ಎಣ್ಣೆ ಒರೆಸಿ ಗೋಣಿಚೀಲದಲ್ಲಿ ಸುತ್ತಿ ಇಡಿ. ಕಿಟ್ ಕೈಕೊಟ್ಟರೆ, ಅಥವಾ ಅಧಿಕಾರಿ ಮೂಲ ಸ್ಥಿತಿಗೆ ತನ್ನಿ ಎಂದರೆ, ಅವೇ ಬೇಕಾಗುತ್ತವೆ.